ಸೊಂಟ ನೋವು: ಸ್ಕ್ಯಾನ್ ನೋಡಿ ಹೆದರುವ ಮುನ್ನ

ಮೂಳೆ ವೈದ್ಯರ ಕೊಠಡಿಯ ಹೊರಗೆ ಕೂತ ಅನೇಕರ ತೊಡೆ ಮೇಲೆ ಎಂಆರ್‌ಐ ಕವರ್ ಇರುತ್ತದೆ. ‘ಎಲ್4–ಎಲ್5 ಡಿಸ್ಕ್ ಉಬ್ಬಿದೆ’ ಎಂಬ ಸಾಲು ಕಿವಿಗೆ ಬಿದ್ದದ್ದೇ ತಡ, ಬಗ್ಗಲು ಹೆದರುವವರು, ನೀರಿನ ಕೊಡ ಎತ್ತುವುದನ್ನೇ ಬಿಟ್ಟವರು ಇದ್ದಾರೆ. ಚಿಕಿತ್ಸೆಯ ಆಯ್ಕೆ ದಾರಿ ತಪ್ಪುವುದು ಇಲ್ಲೇ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ, 50ರ ಪ್ರಾಯದವರ ಪೈಕಿ ಸುಮಾರು ಶೇ 80 ಮಂದಿಗೆ ಡಿಸ್ಕ್ ಸವೆದಿತ್ತು, ಶೇ 60 ಮಂದಿಗೆ ಉಬ್ಬಿತ್ತು. ಕೂದಲು ನರೆತಂತೆ ಬೆನ್ನಿಗೂ ವಯಸ್ಸಾಗುತ್ತದೆ.

ಸ್ಕ್ಯಾನ್ ಯಾವಾಗಲೂ ಬೇಡವೆಂದಲ್ಲ. ಮೂತ್ರ ಕಟ್ಟಿದರೆ, ತಡೆಯಲಾಗದೆ ಹೋದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿದ ತೂಕ, ಹಿಂದೆ ಬಂದಿದ್ದ ಕ್ಯಾನ್ಸರ್, ಬಿದ್ದ ಪೆಟ್ಟು ಇವನ್ನೂ ಹೇಳದೆ ಬಿಡಬಾರದು. ಆದರೆ ನೂರರಲ್ಲಿ ಸುಮಾರು ತೊಂಬತ್ತು ಮಂದಿಯ ನೋವಿಗೆ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು.

ಅವರಿಗೆ ಏನು? ಹಾಸಿಗೆ ಹಿಡಿಯುವುದಂತೂ ಅಲ್ಲ. ಎರಡು ದಿನ ಮಲಗಿದವರಿಗೂ ಏಳು ದಿನ ಮಲಗಿದವರಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ, ಕಡಿಮೆ ಮಲಗಿದವರು ಬೇಗ ಕೆಲಸಕ್ಕೆ ಮರಳಿದರು ಎಂದು ಅಮೆರಿಕದ ಅಧ್ಯಯನವೊಂದು 1986ರಲ್ಲೇ ತೋರಿಸಿತ್ತು. ಹೊಸ ನೋವಿಗೆ ಬಿಸಿ ಶಾಖ ಕೊಟ್ಟುಕೊಂಡು, ಆದಷ್ಟು ಓಡಾಡಿಕೊಂಡಿದ್ದರೆ ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ಹಗುರಾಗುತ್ತದೆ.

ಮೂರು ತಿಂಗಳು ದಾಟಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಭಯಕ್ಕೂ ಚಿಕಿತ್ಸೆ ಇರಲಿ ಎಂದ ಅದು, ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆಗಳನ್ನು ವಾಡಿಕೆಯಂತೆ ಕೊಡುವುದು ಬೇಡ ಎಂದಿತು. ನಮ್ಮ ಊರುಗಳಲ್ಲಿ ಜನ ದುಡ್ಡು ಸುರಿಯುವುದು ಹೆಚ್ಚಾಗಿ ಇವಕ್ಕೇ ಎಂಬುದು ನನಗೆ ನೋವಿನ ಸಂಗತಿ. ಯಂತ್ರಕ್ಕೆ ಕಟ್ಟಿ ಮಲಗಿಸುವ ಬದಲು ಎದ್ದು ನಡೆಯಲು, ಬಗ್ಗಲು, ಭಾರ ಎತ್ತಲು ಮತ್ತೆ ಕಲಿಸುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅವರನ್ನು ಬಿಡಬೇಡಿ.

ಆಪರೇಷನ್ ಮಾತು ಬೇರೆ. ಡಿಸ್ಕ್ ನರ ಒತ್ತಿ ಕಾಲಿಗೆ ಇಳಿಯುವ ನೋವಿನಲ್ಲಿ ಅದು ಬೇಗ ನೆಮ್ಮದಿ ಕೊಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಆಪರೇಷನ್ ಆದವರೂ ಕಾದು ನೋಡಿದವರೂ ವರ್ಷ ತುಂಬುವಾಗ ಒಂದೇ ಮಟ್ಟಕ್ಕೆ ಬಂದಿದ್ದರು. ಕಾದವರಲ್ಲಿ ಶೇ 39 ಮಂದಿ ಮಾತ್ರ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಸಂಬಳದ ರಜೆ ಇದ್ದವರು ಕಾಯಬಹುದು. ದಿನಗೂಲಿ ನಂಬಿದ ಗಾರೆ ಕೆಲಸದವರಿಗೆ ನಡುವಿನ ಆ ತಿಂಗಳುಗಳೇ ಮನೆ ಖರ್ಚು. ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ, ‘ಕಾದರೆ ಏನಾಗುತ್ತೆ ಡಾಕ್ಟ್ರೇ, ಮಾಡಿಸಿದರೆ ಕೆಲಸಕ್ಕೆ ಯಾವಾಗ ಹೋಗಬಹುದು?’ ಎಂದು ಕೇಳಿಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.