ಎಕ್ಕಿ ಗಿಡದ ಚಿತ್ರ ಹುಡುಕುತ್ತ

ಮಳೆಗಾಲ ಮುಗಿದು ಎರಡು ತಿಂಗಳಾದರೆ ಸಾಕು, ಬಾದಾಮಿ ಬಳಿಯ ನಮ್ಮ ಕೆರೂರಿನ ಸುತ್ತಲಿನ ಗುಡ್ಡಗಳು ಕೆಂಪು ಕಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಆಗಲೂ ದಿಬ್ಬದ ಮೇಲೆ, ರಸ್ತೆಯ ಬದಿಗೆ, ಹಾಳುಬಿದ್ದ ಗೋಡೆಯ ಬುಡದಲ್ಲಿ ಎಕ್ಕಿ ಗಿಡ ತನ್ನ ದಪ್ಪ ಬೂದುಹಸಿರು ಎಲೆ ಹೊತ್ತು ನಿಂತಿರುತ್ತದೆ. ಕುರಿ ಮೂಸಿ ನೋಡಿ ಮುಂದೆ ಹೋಗುತ್ತದೆ. ಶನಿವಾರ ಬಂತೆಂದರೆ ಅದೇ ಎಲೆ ಮಾಲೆಯಾಗಿ ಹಣಮಪ್ಪನ ಕೊರಳಿಗೇರುತ್ತದೆ. ಕಾಲಿಗೆ ಮುಳ್ಳು ಮುರಿದಾಗ ಎಕ್ಕಿಯ ಹಾಲು ಹಚ್ಚಿಸಿಕೊಂಡೇ ಬೆಳೆದವರು ನಾವು. ಇಷ್ಟು ಹತ್ತಿರದ ಈ ಗಿಡವನ್ನು ಹಳೆಯ ಪುಸ್ತಕಗಳಲ್ಲಿ ಒಮ್ಮೆ ಹುಡುಕಿ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಮೊದಲು ಸಿಕ್ಕಿದ್ದು ಥಿಯೋಡೋರ್ ಕುಕ್ ಬರೆದ ಮುಂಬಯಿ ಪ್ರಾಂತದ ಸಸ್ಯಗಳ ಗ್ರಂಥ. 1901ರಿಂದ 1908ರವರೆಗೆ ಬಿಡಿಬಿಡಿಯಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಸೀಮೆ ಆಗ ಮುಂಬಯಿ ಸರಕಾರದ ಕೈಕೆಳಗಿತ್ತಲ್ಲ, ಹಾಗಾಗಿ ಬಾದಾಮಿಯ ಹೆಸರು ಅದರಲ್ಲಿ 'ದಕ್ಷಿಣ ಮರಾಠಾ ಸೀಮೆ'ಯ ತಲೆಬರಹದಡಿ ಬರುತ್ತದೆ. ಬಾದಾಮಿಯ ಮುಂದೆ 'ಭಿವಾ' ಎಂಬ ಹೆಸರು, ಅದರ ಮುಂದೊಂದು ಉದ್ಗಾರ ಚಿಹ್ನೆ. ಕುಕ್ ಸಾಹೇಬರಿಗಾಗಿ ಗುಡ್ಡ ಹತ್ತಿ ಗಿಡ ಕಿತ್ತು ತಂದ ದೇಸಿ ಮನುಷ್ಯ ಈ ಭಿವಾ. ಆ ಮಾದರಿಯನ್ನು ಗ್ರಂಥಕರ್ತ ಸ್ವತಃ ಕಣ್ಣಾರೆ ನೋಡಿದ್ದಾನೆ ಎಂಬುದಕ್ಕೆ ಸಸ್ಯಶಾಸ್ತ್ರದವರು ಹಾಕುವ ಗುರುತು ಆ ಉದ್ಗಾರ ಚಿಹ್ನೆ.

ಆದರೆ ಕುಕ್‌ನ ಗ್ರಂಥದಲ್ಲಿ ಚಿತ್ರಗಳಿಲ್ಲ. ಚಿತ್ರ ಬೇಕಾದವರಿಗೆ ಗಿಡದ ಲ್ಯಾಟಿನ್ ಹೆಸರಿನ ಕೆಳಗೆ ದಾರಿ ತೋರಿಸಿರುತ್ತಾನೆ. ಎಕ್ಕಿಯ ಹತ್ತಿರ ಇರುವುದು: ವೈಟ್, ಐಕೋನೆಸ್, ಫಲಕ 1278. ಒಂದು ಎಕ್ಕಿಯಲ್ಲ, ಪುಟ ತಿರುವಿದಲ್ಲೆಲ್ಲ ಈ ವೈಟ್ ಎದುರಾಗುತ್ತಾನೆ.

ರಾಬರ್ಟ್ ವೈಟ್ ಸ್ಕಾಟ್ಲೆಂಡಿನವನು. ಹುಟ್ಟಿದ್ದು 1796ರಲ್ಲಿ, ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸಿಗೆ ಬಂದ. ವೈದ್ಯಕೀಯ ಹೊಟ್ಟೆಪಾಡು, ಗಿಡ ಪ್ರಾಣ. ಕಂಪನಿ ಅವನನ್ನು ಮದರಾಸಿನ ಸಸ್ಯತಜ್ಞನೆಂದು 1826ರಲ್ಲಿ ನೇಮಿಸಿ, ಎರಡೇ ವರ್ಷಕ್ಕೆ ಆ ಹುದ್ದೆಯನ್ನೇ ರದ್ದು ಮಾಡಿತು. ಅವನು ಗಿಡ ಕೂಡಿಹಾಕುವುದನ್ನು ಬಿಡಲಿಲ್ಲ. ರಜೆಯ ಮೇಲೆ ಊರಿಗೆ ಹೋದಾಗಲೂ ಗೆಳೆಯ ಆರ್ನಾಟ್‌ನ ಜೊತೆ ಕೂತು ದಕ್ಷಿಣ ಭಾರತದ ಸಸ್ಯಗಳ ಮೇಲೆ ಪುಸ್ತಕ ಬರೆದು 1834ರಲ್ಲಿ ಪ್ರಕಟಿಸಿದ. ಎಕ್ಕಿಯ ಬಳಗದ ಗಿಡಗಳ ಮೇಲಂತೂ ಅವನು ವಿಶೇಷ ಅಧ್ಯಯನ ಮಾಡಿದವನು. ಎಕ್ಕಿ ಹೂವಿನ ನಡುವೆ ಐದು ಮೂಲೆಯ ಕಿರೀಟವೊಂದು ಇದೆಯಲ್ಲ, ಅದರೊಳಗೆ ಪರಾಗ ಪುಡಿಯಾಗಿರುವುದಿಲ್ಲ, ಮೇಣದಂಥ ಎರಡೆರಡು ಚೀಲಗಳ ಜೋಡಿಯಾಗಿರುತ್ತದೆ. ದುಂಬಿಯ ಕಾಲು ಸೀಳಿನಲ್ಲಿ ಸಿಕ್ಕಿಬಿದ್ದಾಗ ಜೋಡಿ ಸಮೇತ ಕಿತ್ತು ಬರುತ್ತದೆ. ಇಂಥ ಸೂಕ್ಷ್ಮವನ್ನು ಮಾತಿನಲ್ಲಿ ಎಷ್ಟು ಬರೆದರೂ ಓದುಗನಿಗೆ ಕಾಣುವುದಿಲ್ಲ. ಚಿತ್ರವೇ ಬೇಕು.

ಆ ಚಿತ್ರಗಳ ಗ್ರಂಥವೇ 'ಐಕೋನೆಸ್ ಪ್ಲಾಂಟಾರಮ್ ಇಂಡಿಯೇ ಓರಿಯೆಂಟಾಲಿಸ್'. 1838ರಿಂದ 1853ರವರೆಗೆ ಹದಿನೈದು ವರ್ಷ, ಆರು ಸಂಪುಟ, 2101 ಚಿತ್ರಫಲಕ. ಇಷ್ಟೂ ಅಚ್ಚಾದದ್ದು ಮದರಾಸಿನಲ್ಲಿ, ಕಲ್ಲಚ್ಚಿನಲ್ಲಿ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಗೆರೆ ಎಳೆದು, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ಒದ್ದೆಯಾದ ಕಡೆ ಮಸಿ ಹಿಡಿಯುವುದಿಲ್ಲ, ಜಿಡ್ಡಿನ ಗೆರೆಗಷ್ಟೇ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದೂ ಇದೇ ಕಲ್ಲಚ್ಚಿನಲ್ಲಿ. ವೈಟ್ ತನ್ನ ಫಲಕಗಳಿಗೆ ಬಣ್ಣ ಹಾಕಿಸಲಿಲ್ಲ. ಬಣ್ಣ ಹಾಕಿದರೆ ಬೆಲೆ ಏರುತ್ತದೆ, ಗಿಡ ಗುರುತಿಸಬೇಕಾದವರ ಕೈಗೆ ಪುಸ್ತಕ ಹೋಗುವುದಿಲ್ಲ. ನನಗೆ ಆ ಬಣ್ಣವಿಲ್ಲದ ಗೆರೆಗಳೇ ಹೆಚ್ಚು ಇಷ್ಟ. ಎಲೆಯ ನರ, ಕಾಯಿಯ ಸೀಳು, ಕೆಳಗೆ ಬಿಡಿಸಿಟ್ಟ ಹೂವಿನ ಒಳಭಾಗ, ಯಾವುದನ್ನೂ ಬಣ್ಣ ಮರೆಮಾಡುವುದಿಲ್ಲ.

ಹಾಗಾದರೆ ಈ ಚಿತ್ರ ಬರೆದವರು ಯಾರು? ಫಲಕಗಳ ಅಡಿಯನ್ನು ದೊಡ್ಡದು ಮಾಡಿ ನೋಡಿದರೆ ಇರುವೆ ಗಾತ್ರದ ಅಕ್ಷರ ಕಾಣುತ್ತವೆ: ರಂಗಯ್ಯ. ಮುಂದಿನ ಸಂಪುಟಗಳಿಗೆ ಬಂದರೆ ಗೋವಿಂದು. ಇನ್ನೊಂದು ಮೂಲೆಯಲ್ಲಿ ಅದನ್ನು ಕಲ್ಲಿಗಿಳಿಸಿದ ಡಂಫಿಯ ಹೆಸರು. ರಂಗಯ್ಯ, ಗೋವಿಂದು ಇಬ್ಬರೂ ತಂಜಾವೂರು ಚಿತ್ರಪರಂಪರೆಯಿಂದ ಬಂದ ರಾಜು ಕಲಾವಿದರು. ದೇವರ ಪಟಕ್ಕೆ ಹೆಸರಾದ ಆ ಪರಂಪರೆಯ ಕೈ, ಹೂವಿನ ಕೇಸರ ಎಣಿಸುವುದಕ್ಕೆ ತಿರುಗಿತು. ರಂಗಯ್ಯ ಸುಮಾರು ಇಪ್ಪತ್ತು ವರ್ಷ ಬರೆದ, ಆಮೇಲೆ ಗೋವಿಂದು ಮುಂದುವರಿಸಿದ. ಕೊನೆಯ ಸಂಪುಟದಲ್ಲಿ ವೈಟ್ ಸೀತಾಳೆಯ ಜಾತಿಯ ಒಂದು ಕುಲಕ್ಕೆ 'ಗೋವಿಂದೂಯಾ' ಎಂದು ಹೆಸರಿಟ್ಟ. ಸಾಹೇಬರು ಸಾಹೇಬರ ಹೆಸರನ್ನೇ ಗಿಡಗಳಿಗೆ ಇಡುತ್ತಿದ್ದ ಕಾಲವದು. ಆ ಕುಲವನ್ನು ಮುಂದೆ ಟ್ರೊಪಿಡಿಯಾ ಎಂಬ ಹಳೆಯ ಕುಲದೊಳಗೆ ಸೇರಿಸಿಬಿಟ್ಟರು, ಹೀಗಾಗಿ ಗೋವಿಂದುವಿನ ಹೆಸರು ಇಂದು ಪರ್ಯಾಯನಾಮಗಳ ಸಾಲಿನಲ್ಲಷ್ಟೇ ಇದೆ. ನನಗೆ ಅದು ಈಗಲೂ ನೋವಿನ ಸಂಗತಿ.

ಕನ್ನಡ ನೆಲದಲ್ಲೂ ಆ ವರ್ಷಗಳಲ್ಲಿ ಇಂಥದೇ ಕೆಲಸ ನಡೆದಿತ್ತು. ವೈಟ್‌ನ ಕಿರಿಯ ಮಿತ್ರ ಹ್ಯೂ ಕ್ಲೆಗಾರ್ನ್ 1840ರ ದಶಕದ ನಡುವೆ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ. ದಿನಕ್ಕೊಂದು ಗಿಡವೆಂದು ಗೊತ್ತುಮಾಡಿಕೊಂಡು ಮರಾಠಿ ಚಿತ್ರಕಾರನೊಬ್ಬನಿಂದ ಬರೆಸುತ್ತಿದ್ದ. ಆ ಚಿತ್ರಗಳು ಈಗ ಎಡಿನ್‌ಬರೊ ಸಸ್ಯೋದ್ಯಾನದಲ್ಲಿವೆ. ಮುಂದೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಿಡಗಳ ಚಿತ್ರ ಬರೆದ ಚೆಲುವಯ್ಯ ರಾಜು ಹೆಸರೂ ಇಲ್ಲಿ ನೆನಪಾಗುತ್ತದೆ.

ವೈಟ್‌ಗೂ ನಮ್ಮ ಕಡೆಯ ಹೊಲಕ್ಕೂ ಇನ್ನೊಂದು ಎಳೆಯ ನಂಟಿದೆ. 1842ರಿಂದ ಅವನು ಕೊಯಮತ್ತೂರಿನಲ್ಲಿ ಕಂಪನಿಯ ಹತ್ತಿ ತೋಟಗಳನ್ನು ನೋಡಿಕೊಳ್ಳುತ್ತಿದ್ದ. ಅಮೆರಿಕದ ಹತ್ತಿಯನ್ನು ಇಲ್ಲಿ ಬೆಳೆಸಬೇಕೆಂಬ ಹಟ ಕಂಪನಿಯದು. ಕೊಯಮತ್ತೂರಿನಲ್ಲಿ ಅದು ಬೇರೂರಲಿಲ್ಲ, ಧಾರವಾಡದ ಸೀಮೆಯಲ್ಲಿ ಬೇರೂರಿತು. ಹಗಲೆಲ್ಲ ಹತ್ತಿಯ ಲೆಕ್ಕ ಬರೆದ ಕೈಯೇ ಐಕೋನೆಸ್‌ನ ಸಂಪುಟಗಳನ್ನೂ ಮುಗಿಸಿತು. ಕೊನೆಯ ಫಲಕ ಹೊರಬಂದ 1853ರಲ್ಲೇ ಅವನು ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ. 1872ರಲ್ಲಿ ಅಲ್ಲೇ ತೀರಿಕೊಂಡ.

ಐಕೋನೆಸ್‌ನ ಮೂಲ ಪ್ರತಿಗಳು ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿವೆ. ಆದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಇಡೀ ಗ್ರಂಥವನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ನಾಲ್ಕನೇ ಸಂಪುಟ ತೆರೆದು 1278ನೇ ಫಲಕವನ್ನು ಮೊಬೈಲಿಗೆ ಇಳಿಸಿಕೊಂಡು, ಕೆರೂರಿನ ಹೊರಗೆ ಎಕ್ಕಿ ಗಿಡವೊಂದರ ಪಕ್ಕಕ್ಕೆ ಹಿಡಿದು ನೋಡುತ್ತ ನಿಂತಿದ್ದೆ. ಕುರಿ ಸಂತೆ ಮುಗಿಸಿ ಹೊರಟಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಎಕ್ಕಿ ಗಿಡ ಅಲ್ಲೇನ್ರೀ ಇದು?"

"ಹೌದ್ರೀ ಯಜ್ಜಾ. ನೂರಾ ಎಪ್ಪತ್ತು ವರ್ಷದ ಹಿಂದ ಬರದದ್ದು."

ಅವರು ಬೆರಳಿನಿಂದ ಪರದೆಯ ಮೇಲಿನ ಎಲೆಯನ್ನು ಮುಟ್ಟಿದರು, ಆಮೇಲೆ ಗಿಡದ ಎಲೆಯನ್ನು. "ಬರದಾಂವ ಗಿಡದ ಮುಂದ ಕುಂತು ಬರದಾನ ನೋಡ್ರಿ. ಮನಸ್ಸಿಲೆ ಬರದದ್ದಲ್ಲ ಇದು. ಖರೆ, ಹಾಲು ಎಲ್ಲೈತಿ?"

ಹಾಗೆಂದವರೇ ಒಂದು ಎಲೆ ಚಿವುಟಿ ನನ್ನ ಮುಂದೆ ಹಿಡಿದರು. ತೊಟ್ಟಿನ ತುದಿಯಲ್ಲಿ ಬೆಳ್ಳಗಿನ ಹನಿಯೊಂದು ದಪ್ಪಗಾಗುತ್ತ ನಿಂತಿತ್ತು.