ಪಠ್ಯಪುಸ್ತಕವೂ ಪಂಡಿತನ ವ್ರತವೂ

ಬಾಲಬೋಧೆಯ ಪುಸ್ತಕವನ್ನು ಬರೆಯುವುದು ಪಂಡಿತನಾದವನಿಗೆ ತಕ್ಕ ಕೆಲಸವೇ? ಶಾಸನಗಳನ್ನು ಓದಿದವನಿಗೂ ಹಳೆಯ ಕಾವ್ಯಗಳನ್ನು ಪರಿಷ್ಕರಿಸಿದವನಿಗೂ ನಾವು ಶಾಲು ಹೊದಿಸುತ್ತೇವೆ. ನಮ್ಮ ಮಕ್ಕಳ ಮೂರನೆಯ ಪುಸ್ತಕವನ್ನು ಬರೆದವನ ಹೆಸರನ್ನು ಮಾತ್ರ ಕೇಳುವುದೇ ಇಲ್ಲ. ಈ ಉಪೇಕ್ಷೆಯು ಎಷ್ಟು ಅನ್ಯಾಯವಾದುದೆಂಬುದನ್ನು ಅರಿಯಬೇಕಾದರೆ ಸಿರುಗುಪ್ಪದಂತಹ ಗಡಿಯ ಸೀಮೆಯಲ್ಲಿ ನಿಂತು ಯೋಚಿಸಬೇಕು.

ಸಿರುಗುಪ್ಪವು ತುಂಗಭದ್ರೆಯ ಬಲದಂಡೆಯ ನಾಡು. ಬಳ್ಳಾರಿ ಜಿಲ್ಲೆಯೊಡನೆ ಅದೂ ಬಹುಕಾಲ ಮದರಾಸಿನ ಆಡಳಿತದಲ್ಲಿದ್ದಿತು. ಹೊಳೆಯಾಚೆಯ ರಾಯಚೂರು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿ ಉರ್ದುವಿಗೆ ಅಗ್ರಸ್ಥಾನವಿದ್ದಿತು, ಮೂಡಣದಲ್ಲಿ ತೆಲುಗು. 1953ರ ಅಕ್ಟೋಬರ್ 1ರಂದು ಜಿಲ್ಲೆಯು ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ, ಸಿರುಗುಪ್ಪವು ಮೈಸೂರಿಗೂ ಸಂದವು. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಮತ್ತೊಂದು ಮಾತು ಕೇಳಿ ಬೆಳೆಯುವ ಇಂತಹ ಸೀಮೆಯ ಮಗುವಿಗೆ ಕನ್ನಡದ ಮೊದಲ ಪುಸ್ತಕವು ಕೇವಲ ಪಾಠವಲ್ಲ. ಅದೇ ಭಾಷೆಯ ಹೊಸ್ತಿಲು. ಅಲ್ಲಿ ಎಡವಿದ ಮಗು ಒಳಗೆ ಬಾರದೆಯೇ ಹಿಂದಿರುಗಬಹುದು.

ಈ ಹೊಸ್ತಿಲನ್ನು ಕಟ್ಟುವುದನ್ನೇ ವ್ರತವಾಗಿ ಕೈಕೊಂಡವರಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಅವರೂ ಬಳ್ಳಾರಿಯವರಂತೆಯೇ ಮದರಾಸಿನ ಆಡಳಿತದ ಕನ್ನಡಿಗರು. ಉಪಾಧ್ಯಾಯರಾಗಿ, ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ ದುಡಿದು, ಮಕ್ಕಳು ಪುಸ್ತಕದ ಎದುರಿನಲ್ಲಿ ಎಲ್ಲಿ ತಡವರಿಸುತ್ತಾರೆಂಬುದನ್ನು ಅವರು ಕಣ್ಣಾರೆ ಕಂಡರು. 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಶಾಲೆಗಳಿಗಾಗಿ ಕಥೆಗಳನ್ನೂ ಹಾಡುಗಳನ್ನೂ ರಚಿಸಿದರು.

ಪಾಂಡಿತ್ಯ ಸಾಲದವರು ಹಿಡಿಯುವ ಸುಲಭದ ದಾರಿ ಇದೆಂದು ಯಾರಾದರೂ ತಿಳಿದಾರು. ಆದರೆ ಕಿಟ್ಟೆಲರು ಸಂಪಾದಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು 1920ರಲ್ಲಿ ಪರಿಷ್ಕರಿಸಿ ಮತ್ತೆ ಹೊರತಂದವರೂ ಈ ಪಂಜೆಯವರೇ. ಹಳಗನ್ನಡದ ಸಂಧಿಸಮಾಸಗಳನ್ನು ಶೋಧಿಸಿದ ಕೈಯೇ ನಾಗರಹಾವನ್ನು ಮಾತನಾಡಿಸುವ ಮಕ್ಕಳ ಹಾಡನ್ನೂ ಬರೆಯಿತು. ಇವೆರಡೂ ಬೇರೆಬೇರೆ ವಿದ್ಯೆಗಳಲ್ಲವೆಂದು ನಾವು ಭಾವಿಸುತ್ತೇವೆ. ಹತ್ತು ಪದಗಳಲ್ಲಿ ಒಂಬತ್ತನ್ನು ಬಿಡಬಲ್ಲವನು ಆ ಹತ್ತನ್ನೂ ಬಲ್ಲವನಾಗಿರಬೇಕು. ಒತ್ತಕ್ಷರವು ಯಾವ ಪಾಠದಲ್ಲಿ ಬರಬೇಕು, ಕರಾವಳಿಯ ಮಾತು ಬಯಲುಸೀಮೆಯ ಕೂಸಿಗೆ ತಿಳಿದೀತೆ, ಪದ್ಯದ ನಡೆಯು ನಾಲಗೆಯಲ್ಲಿ ನಿಂತೀತೆ, ಇವುಗಳನ್ನು ನಿರ್ಣಯಿಸಲು ವ್ಯಾಕರಣವೂ ಬೇಕು, ವಾತ್ಸಲ್ಯವೂ ಬೇಕು.

ಹೊರಗಿನ ವಸ್ತುವನ್ನು ಒಳಗಿನದಾಗಿಸುವ ಜಾಣ್ಮೆಯೂ ಈ ವಿದ್ಯೆಯ ಒಂದಂಗ. ಆಂಗ್ಲಕವಿ ಬ್ರೌನಿಂಗನು ಜರ್ಮನಿಯ ವೇಸರ್ ನದಿಯ ತೀರದಲ್ಲಿ ನಡೆಯಿತೆಂದು ಹೇಳಿದ ಕಥೆಯನ್ನು ಕುವೆಂಪು ಅವರು ಕಿಂದರಿಜೋಗಿಯ ಹಾಡಿನಲ್ಲಿ ತುಂಗೆಯ ತೀರಕ್ಕೆ ತಂದರು. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡ ಅದೇ ನೀರು ಸಿರುಗುಪ್ಪದ ಬತ್ತದ ಗದ್ದೆಗಳನ್ನು ತಣಿಸುತ್ತದೆ. ಅಲ್ಲಿನ ಬಾಲಕನು ಆ ಹಾಡನ್ನು ಓದುವಾಗ ತನ್ನ ಹೊಳೆಯ ಕಥೆಯನ್ನೇ ಓದುತ್ತಾನೆ.

1934ರಲ್ಲಿ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆದಾಗ ಪಂಜೆಯವರೇ ಅದರ ಅಧ್ಯಕ್ಷರಾಗಿದ್ದರು. ಮಕ್ಕಳ ಪುಸ್ತಕ ಬರೆದವರಿಗೆ ಕನ್ನಡನಾಡು ತನ್ನ ಅತ್ಯುನ್ನತ ಪೀಠವನ್ನು ನೀಡಿದ್ದು ಹೀಗೆ, ಗಡಿಯ ನೆಲದಲ್ಲಿಯೇ. ಮೂರು ವರ್ಷಗಳ ಬಳಿಕ, 1937ರಲ್ಲಿ, ಅವರು ತೀರಿಕೊಂಡರು.

ಮಹಾಕಾವ್ಯವನ್ನು ಓದುವವರು ನಾಳೆ ಇರಬೇಕಾದರೆ ಇಂದು ಯಾರಾದರೂ ಅವರಿಗೆ ಅಕ್ಷರದ ರುಚಿಯನ್ನು ಹತ್ತಿಸಬೇಕು. ಆ ಕೆಲಸಕ್ಕೆ ನಮ್ಮಲ್ಲಿ ಉಳಿದ ಪಂಡಿತರನ್ನಲ್ಲ, ಉತ್ತಮರಾದ ಪಂಡಿತರನ್ನೇ ಕಳುಹಿಸೋಣ.