ಪ್ಯಾರಿಸ್ ಬೇಡವೆಂದ ಸೇನಾಪತಿ

ಕುಳ್ಳ ಆಳು, ಮೇಲೆದ್ದ ಮೂಗು, ತುಟಿಯೊಳಗೆ ನಿಲ್ಲದ ಮುಂಬಲ್ಲು. ಸವಾಯ್ ರಾಜಮನೆತನದ ಯೂಜೀನನನ್ನು ಕಂಡವರು ಇವನು ದಂಡು ನಡೆಸಿಯಾನು ಎಂದುಕೊಳ್ಳಲಿಲ್ಲ. 1663ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವನನ್ನು ಪಾದ್ರಿ ಮಾಡುವುದೆಂದು ಮನೆಯವರು ಗೊತ್ತುಮಾಡಿದ್ದರು. ತಾಯಿ ಒಲಿಂಪಿಯಾ ವಿಷಪ್ರಾಶನದ ಹಗರಣದಲ್ಲಿ ಹೆಸರು ಕೆಡಿಸಿಕೊಂಡು ದೇಶ ಬಿಟ್ಟಿದ್ದಳು. 1683ರಲ್ಲಿ ಅವನು ಸೇನೆಯಲ್ಲೊಂದು ಹುದ್ದೆ ಕೇಳಿದಾಗ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಕೊಡಲಿಲ್ಲ. ದೊರೆಗೆ ಇದಕ್ಕಿಂತ ದುಬಾರಿ ಬಿದ್ದ ನಿರಾಕರಣೆ ಇನ್ನೊಂದಿರಲಾರದು.

ಗುಟ್ಟಾಗಿ ಪ್ಯಾರಿಸ್ ಬಿಟ್ಟ ಯೂಜೀನ್, ಲೂಯಿಯ ಎದುರಾಳಿ ಸಾಮ್ರಾಟ ಲಿಯೋಪೋಲ್ಡನ ಪಡೆ ಸೇರಿದ. ಆಗ ಆಟೋಮನ್ ತುರ್ಕರು ಸಾಮ್ರಾಟನ ರಾಜಧಾನಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದರು. ಸೆಪ್ಟೆಂಬರ್ 12ರಂದು ಆ ಮುತ್ತಿಗೆ ಮುರಿದವರಲ್ಲಿ ಅವನೂ ಒಬ್ಬ. ಮೂವತ್ತು ತುಂಬುವ ಮೊದಲೇ ಫೀಲ್ಡ್ ಮಾರ್ಷಲ್ ಆದ.

ಹೆಸರು ತಂದದ್ದು ತುರ್ಕರೊಡನೆ ನಡೆದ ಝೆಂಟಾ ಕದನ. 1697ರ ಸೆಪ್ಟೆಂಬರ್ 11. ಸುಲ್ತಾನ್ ಎರಡನೇ ಮುಸ್ತಫಾನ ಸೇನೆ ದೋಣಿಗಳ ಸೇತುವೆ ಮೇಲೆ ಟಿಸಾ ನದಿ ದಾಟುತ್ತಿದೆ ಎಂದು ಸೆರೆಸಿಕ್ಕ ಪಾಶಾ ಒಬ್ಬ ಬಾಯಿಬಿಟ್ಟ. ಸುಲ್ತಾನ ಆಚೆ ದಡ ಮುಟ್ಟಿದ್ದ, ಕಾಲಾಳು ಪಡೆ ಈಚೆಗಿತ್ತು. ಹೊತ್ತು ಮುಳುಗಲು ಎರಡು ತಾಸು ಉಳಿದಿರಬಹುದು. ನಾಳೆ ನೋಡೋಣ ಎನ್ನದೆ ಯೂಜೀನ್ ಮೇಲೆಬಿದ್ದ. ನದಿಯಂಚಿನ ಮರಳು ದಿಬ್ಬದ ಮೇಲಿಂದ ನುಗ್ಗಿದ ಅವನ ಎಡಪಡೆ ಸೇತುವೆಗೂ ತುರ್ಕರಿಗೂ ನಡುವೆ ಬಂದು ನಿಂತಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಂದಿ ನೀರುಪಾಲು. ಸತ್ತವರಲ್ಲಿ ಪ್ರಧಾನ ವಜೀರನೂ ಇದ್ದ. ಅವನ ಬಳಿಯ ಸುಲ್ತಾನನ ಮುದ್ರೆಯೇ ಗೆದ್ದವರ ಕೈಸೇರಿತು.

ಫ್ರೆಂಚರ ಲೆಕ್ಕ ಆಮೇಲೆ ಚುಕ್ತಾ ಆಯಿತು: 1704ರಲ್ಲಿ ಇಂಗ್ಲೆಂಡಿನ ಮಾರ್ಲ್‌ಬರೋ ಜತೆಗೂಡಿ ಬ್ಲೆನ್ಹೈಮ್ ಕದನ ಗೆದ್ದ, 1706ರಲ್ಲಿ ಟ್ಯೂರಿನ್. 1709ರ ಮಾಲ್ಪ್ಲಾಕೆಯನ್ನು ಗೆಲುವು ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಗೆದ್ದವರ ಕಡೆಯೇ ಹೆಚ್ಚು ಹೆಣ ಬಿದ್ದವು. 1717ರಲ್ಲಿ ತುರ್ಕರ ಕೈಯಿಂದ ಬೆಲ್‌ಗ್ರೇಡ್ ವಶವಾಯಿತು.

ದುಡ್ಡೂ ಚೆನ್ನಾಗಿ ಬಂತು, ಖರ್ಚು ಮಾಡಲೂ ಬಲ್ಲವನಾಗಿದ್ದ. ವಾಸ್ತುಶಿಲ್ಪಿ ಹಿಲ್ಡೆಬ್ರಾಂಟ್ ಅವನಿಗಾಗಿ ವಿಯೆನ್ನಾದ ಇಳಿಜಾರಿನಲ್ಲಿ ಬೆಲ್ವೆಡೇರ್ ಕಟ್ಟಿದ: ಕೆಳಗೊಂದು ಅರಮನೆ, ಮೇಲೊಂದು ಅರಮನೆ, ನಡುವೆ ತೋಟ. ಅವನಲ್ಲಿ ಸುಮಾರು 15,000 ಪುಸ್ತಕಗಳಿದ್ದವು. ಇತಿಹಾಸ, ಸಾಹಿತ್ಯಕ್ಕೆ ಕೆಂಪು ತೊಗಲಿನ ರಟ್ಟು, ಧರ್ಮ, ಕಾನೂನಿಗೆ ನೀಲಿ, ವಿಜ್ಞಾನಕ್ಕೆ ಹಳದಿ.

ಮದುವೆಯಾಗಲಿಲ್ಲ, ಉಯಿಲೂ ಬರೆಯಲಿಲ್ಲ. 1736ರಲ್ಲಿ ತೀರಿಕೊಂಡಾಗ ಆಸ್ತಿ ಅಣ್ಣನ ಮಗಳು ವಿಕ್ಟೋರಿಯಾಳ ಪಾಲಾಯಿತು. ಆಕೆ ಮಾರುತ್ತ ಹೋದಳು. ಪುಸ್ತಕಗಳನ್ನು ಆಗಿನ ಸಾಮ್ರಾಟ ಕೊಂಡ, ಈಗವು ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದ ದೊಡ್ಡ ಸಭಾಂಗಣದಲ್ಲಿವೆ. ಅರಮನೆಯನ್ನು 1752ರಲ್ಲಿ ಸಾಮ್ರಾಜ್ಞಿ ಮರಿಯಾ ತೆರೇಸಾ ಕೊಂಡಳು. ಇಂದು ಅದು ವಸ್ತುಸಂಗ್ರಹಾಲಯ. ಬರುವವರಲ್ಲಿ ಅನೇಕರು ಚಿತ್ರಕಾರ ಕ್ಲಿಮ್ಟ್‌ನ ‘ದಿ ಕಿಸ್’ ಚಿತ್ರ ನೋಡಲು ಬರುತ್ತಾರೆ.